ನನ್ನ ರಕ್ತನಾಳ ರವೂಫನ ಹೆಸರಿನಲ್ಲಿದೆ

ರಕ್ತದೊತ್ತಡ ತಪಾಸಣಾ ಶಿಬಿರದ ಮುಖ್ಯ ವೈದ್ಯಾಧಿಕಾರಿಗಳಿಗೆ,

ಮಾನ್ಯರೇ,

ಬರೆಯುವುದು ನನ್ನ ಕೆಲಸವಲ್ಲ. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಲಾರಿಯ ಕ್ಲೀನರ್ ಆದವನು ನಾನು. ಆಮೇಲೆ ಡ್ರೈವರ್, ಈಗ ಮಾಣಿ ಜಂಕ್ಷನಿನಲ್ಲಿ ಪಂಕ್ಚರ್ ಅಂಗಡಿ. ಬಾಯಲ್ಲಿ ಹೇಳಿದರೆ ಒಂದು ಚಾ ಕುಡಿಯುವಷ್ಟರಲ್ಲಿ ಮುಗಿಯುವ ವಿಷಯ ಇದು. ಹೇಳಲಿಕ್ಕೆಂದೇ ನಿಮ್ಮ ಕಚೇರಿಗೆ ಮತ್ತೆ ಮತ್ತೆ ಬಂದೆ. ಪ್ರತಿ ಸಲವೂ ಮೇಜಿನ ಹಿಂದಿನವರು ತಲೆ ಎತ್ತದೆ "ಬರೆದು ಕೊಡಿ" ಎಂದರು. ಬರೆದು ಕೊಟ್ಟದ್ದನ್ನು ನೀವು ಫೈಲಿನಲ್ಲಿಟ್ಟು ಮಲಗಿಸುತ್ತೀರಿ ಎಂದು ನನಗೆ ಗೊತ್ತಿರುವುದರಿಂದ ಪತ್ರಿಕೆಗೆ ಬರೆಯುತ್ತಿದ್ದೇನೆ. ಕಾಗುಣಿತ ಪತ್ರಿಕೆಯವರು ತಿದ್ದಲಿ, ಸಿಟ್ಟನ್ನು ತಿದ್ದುವುದು ಬೇಡ ಎಂದು ಅವರಿಗೆ ಹೇಳಿದ್ದೇನೆ.

ದೂರು ಇಷ್ಟೇ. ನನ್ನ ಮೈಯೊಳಗಿನ ರಕ್ತನಾಳ ಗಡಸಾಗಿದೆ ಎಂದು ನಿಮ್ಮ ಯಂತ್ರವೇ ಹೇಳಿದೆ. ಆದರೆ ನಿಮ್ಮ ಪುಸ್ತಕದಲ್ಲಿ ಆ ನಾಳ ನನ್ನ ಷಡ್ಡಕ ಅಬ್ದುಲ್ ರವೂಫನದ್ದು. ಜಾಗದ ಪಹಣಿಯಲ್ಲಿ ಹೆಸರು ತಪ್ಪಿದರೆ ತಿದ್ದಲಿಕ್ಕೆ ತಹಶೀಲ್ದಾರರು ಇದ್ದಾರೆ. ರಕ್ತನಾಳದ ತಹಶೀಲ್ದಾರರು ಯಾರು? ನೀವೇ ಅಲ್ಲವೇ?

ರವೂಫ್ ಎಂದರೆ ನನ್ನ ಹೆಂಡತಿ ಸೈನಬಳ ತಂಗಿ ನಬೀಸಾಳ ಗಂಡ. ದುಬೈಯಲ್ಲಿ ಬಹಳ ವರ್ಷ ಇದ್ದು ಬಂದು ಬಿ.ಸಿ.ರೋಡಿನಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದಾನೆ. ಮನುಷ್ಯ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಇಷ್ಟು ಕಷ್ಟವಿರಲಿಲ್ಲ, ನಾಲ್ಕು ಬೈದು ಸುಮ್ಮನಿರಬಹುದಿತ್ತು. ಅವನು ರಜೆಯಲ್ಲಿ ಊರಿಗೆ ಬಂದಾಗ ಕಾರಿನಿಂದ ಮೊದಲು ಇಳಿಯುತ್ತಿದ್ದುದು ಅವನ ಹೊಟ್ಟೆ, ಅದರ ಹಿಂದೆ ಅವನು. ಮಾವನ ಮನೆಯಲ್ಲಿ ಆ ಹೊಟ್ಟೆಗೆ ಸಿಕ್ಕಿದ ಮರ್ಯಾದೆ ನನ್ನ ಹೆವಿ ಲೈಸೆನ್ಸಿಗೆ ಯಾವತ್ತೂ ಸಿಗಲಿಲ್ಲ. ಊಟಕ್ಕೆ ಕುಳಿತರೆ ಅಂಜಲ್ ಮೀನಿನ ನಡು ತುಂಡು ಅವನಿಗೆ, ಬಾಲದ ತುಂಡು ನನಗೆ. ಮೇಲಿಂದ ನಮ್ಮ ಅತ್ತೆ, "ಸೈನಬ ನಿನಗೆ ಹೊಟ್ಟೆಗೆ ಸರಿ ಹಾಕುವುದಿಲ್ಲವಾ?" ಎಂದು ಎಲ್ಲರ ಎದುರು ನನ್ನನ್ನು ಕೇಳುತ್ತಿದ್ದರು. ಆಗ ಹೊಟ್ಟೆ ಎಂದರೆ ಐಶ್ವರ್ಯ. ಈಚೆಗೆ ನಿಮ್ಮಂಥವರು ಬಂದು ಹೊಟ್ಟೆ ಎಂದರೆ ರೋಗ ಎಂದಿರಿ. ನನಗೆ ಒಳಗಿಂದೊಳಗೇ ಖುಷಿಯಾಯಿತು, ಇನ್ನಾದರೂ ತೆಳ್ಳಗಿನವನ ಕಾಲ ಬಂತು ಎಂದು. ಎಲ್ಲಿಂದ ಬರುವುದು? ಹೊಟ್ಟೆ ಐಶ್ವರ್ಯವಾಗಿದ್ದಾಗ ನಡು ತುಂಡು ಅವನಿಗೆ ಹೋಯಿತು, ಹೊಟ್ಟೆ ರೋಗವಾದಾಗ ನಿಮ್ಮ ಯಂತ್ರವೂ ಅವನಿಗೇ ಹೋಯಿತು.

ಕಳೆದ ಆಗಸ್ಟಿನಲ್ಲಿ ಮಾಣಿಯಲ್ಲಿ ನಿಮ್ಮ ಶಿಬಿರ ಇತ್ತು. ಪ್ರೆಶರ್ ಇರುವವರೆಲ್ಲ ಬನ್ನಿ ಎಂದು ರಿಕ್ಷಾಕ್ಕೆ ಮೈಕ್ ಕಟ್ಟಿ ಊರಿಡೀ ಕೂಗಿಸಿದ್ದಿರಿ. ನನಗೆ ಪ್ರೆಶರ್ ಇರುವುದು ಚಾರ್ಮಾಡಿ ಘಾಟಿಯಲ್ಲಿ ಲಾರಿ ಹತ್ತಿಸುತ್ತಿದ್ದ ಕಾಲದಿಂದ. ಮಾತ್ರೆ ಉಂಟು, ನೆನಪಾದರೆ ತಿನ್ನುತ್ತೇನೆ. ರವೂಫನಿಗೂ ಪ್ರೆಶರ್ ಉಂಟು; ಅಂಗಡಿಗೆ ಬಾಗಿಲು ಹಾಕಿ, ಬಿ.ಸಿ.ರೋಡಿನಿಂದ ಬಂದ ಅವನ ಕಾರು ಹತ್ತಿ ಬಂದು ಇಬ್ಬರೂ ಮುಂದಿನ ಸಾಲಿನಲ್ಲಿ ಕುಳಿತೆವು. ನೀವು ಭಾಷಣ ಮಾಡಿದಿರಿ. ಹೊಗಳಬೇಕಾದ್ದನ್ನು ಹೊಗಳುತ್ತೇನೆ, ನನ್ನಂಥವನಿಗೂ ತಲೆಗೆ ಹೋಗುವ ಹಾಗೆ ಹೇಳಿದಿರಿ. ಕೊಬ್ಬಿನಲ್ಲಿ ಎರಡು ಜಾತಿ ಉಂಟು ಎಂದಿರಿ. ಚರ್ಮದ ಕೆಳಗೆ ಇರುವುದು ಒಂದು, ಕೈಯಲ್ಲಿ ಹಿಡಿದರೆ ಸಿಗುತ್ತದೆ, ಕಣ್ಣಿಗೆ ಕಾಣುತ್ತದೆ, ಅದರ ಉಪದ್ರವ ಕಡಿಮೆ. ಇನ್ನೊಂದು ಹೊಟ್ಟೆಯ ಒಳಗೆ, ಕರುಳಿನ ಸುತ್ತ, ಲಿವರಿನ ಸುತ್ತ ಹೋಗಿ ಕುಳಿತುಕೊಳ್ಳುವಂಥದ್ದು. ಅದೇ ಕಳ್ಳ. ಪ್ರೆಶರ್ ಇರುವವರ ಹೊಟ್ಟೆಯೊಳಗೆ ಅದು ಸೇರಿದರೆ ರಕ್ತನಾಳ ಬೇಗ ಗಡಸಾಗುತ್ತದೆ, ಹೃದಯ ಪ್ರತಿ ಸಲ ರಕ್ತ ದೂಡುವಾಗ ನಾಳ ಹಿಗ್ಗಬೇಕು, ಗಡಸಾದ ನಾಳ ಹಿಗ್ಗುವುದಿಲ್ಲ, ಪೆಟ್ಟು ಹೃದಯಕ್ಕೂ ಮಿದುಳಿಗೂ ಬೀಳುತ್ತದೆ ಎಂದಿರಿ. ಹಳೆಯ ಟ್ಯೂಬಿನ ಹಾಗೆ ಎಂದು ನೀವು ಹೇಳಿದಾಗ ನಾನು ಕುಳಿತಲ್ಲೇ ತಲೆ ಅಲ್ಲಾಡಿಸಿದೆ. ಕೊನೆಗೆ ಇನ್ನೊಂದು ಮಾತು ಹೇಳಿದಿರಿ, ತೆಳ್ಳಗಿದ್ದೇವೆ ಎಂದು ಯಾರೂ ಧೈರ್ಯದಲ್ಲಿರಬೇಡಿ, ತೂಕ ಕಡಿಮೆ ಇದ್ದವರ ಒಳಗೂ ಆ ಕೊಬ್ಬು ಇರಬಹುದು ಎಂದು.

ಆ ಮಾತಿಗೆ ನಾನು ಅಂಗಿಯ ಮೇಲಿನಿಂದ ನನ್ನ ಹೊಟ್ಟೆ ಮುಟ್ಟಿ ನೋಡಿಕೊಂಡೆ. ಯಾಕೆಂದು ಹೇಳುತ್ತೇನೆ, ಇದು ನಿಮ್ಮ ಕಚೇರಿಯ ಮೇಜಿನ ಎದುರು ಹೇಳುವಂಥದ್ದಲ್ಲ. ನನಗೊಬ್ಬ ತಮ್ಮನಿದ್ದ, ಇದಿನಬ್ಬ. ಕೊಕ್ಕಡದ ಕಡೆ ರಬ್ಬರ್ ತೋಟದ ಜೀಪು ಓಡಿಸುತ್ತಿದ್ದ. ನನ್ನ ಹಾಗೆಯೇ ಕಡ್ಡಿ. ಅವನಿಗೂ ಪ್ರೆಶರ್ ಇತ್ತು. ಡಾಕ್ಟರರಲ್ಲಿಗೆ ಹೋದರೆ, ನೀವು ತೆಳ್ಳಗಿದ್ದೀರಿ, ಹೆದರುವುದು ಬೇಡ ಎಂದು ಕಳಿಸುತ್ತಿದ್ದರು. ಒಂದು ದಿನ ಜೀಪು ನಿಲ್ಲಿಸಿ ಇಳಿದವನು ಅಲ್ಲೇ ಬಿದ್ದ, ಮಾತು ಹೋಯಿತು, ಸಂಜೆಗೆ ಅವನೂ ಹೋದ. ಅಷ್ಟು ತೆಳ್ಳಗಿನವನಿಗೆ ಇದು ಹೇಗೆ ಎಂದು ಬಂದವರೆಲ್ಲ ಕೇಳಿದರು. ಹೂಳುವ ಮೊದಲು ಮಯ್ಯತ್ ಮೀಯಿಸಲಿಕ್ಕೆ ನಿಂತವರಲ್ಲಿ ನಾನೂ ಒಬ್ಬ. ಹುಟ್ಟಿದಾಗಿನಿಂದ ನೋಡಿದ ಮೈಯನ್ನು ಅವತ್ತು ಸರಿಯಾಗಿ ನೋಡಿದೆ. ಕೈಕಾಲು ಬಿದಿರಿನ ಕಡ್ಡಿ, ಎದೆಯ ಎಲುಬು ಎಣಿಸಬಹುದು, ಹೊಟ್ಟೆ ಮಾತ್ರ ಗುಂಡಗೆ ಗಟ್ಟಿ, ಬಾಳೆ ಹಗ್ಗದಲ್ಲಿ ಮನೆಯ ಮಾಡಿಗೆ ಕಟ್ಟಿ ತೂಗಿಸಿದ ಸಾಂಬಾರಿನ ದಪ್ಪ ಸೌತೆಕಾಯಿಯ ಹಾಗೆ. ನೀರು ಹೊಯ್ಯುತ್ತಾ ನನ್ನ ಅಂಗಿಯ ಒಳಗೆ ಇರುವುದೂ ಅದೇ ಸೌತೆಕಾಯಿ ಎಂದು ನೆನಪಾಯಿತು. ಅವತ್ತಿನಿಂದ ಆ ಹೆದರಿಕೆ ನನ್ನ ಜೊತೆ ಉಂಟು, ಸೈನಬಳಿಗೂ ಹೇಳಿಲ್ಲ. ಈ ಪತ್ರದಲ್ಲಿ ಓದಿದರೆ ಬೈಯುತ್ತಾಳೆ, ಬೈಯಲಿ.

ಹೀಗಿರುವಾಗ ನಿಮ್ಮ ಯಂತ್ರದ ಮೇಲೆ ನನಗೆ ಆಸೆಯಾದದ್ದು ತಪ್ಪೇ? ಎರಡು ಕೈಗೆ, ಎರಡು ಕಾಲಿಗೆ ಪಟ್ಟಿ ಕಟ್ಟಿ ನಾಳ ಎಷ್ಟು ಗಡಸಾಗಿದೆ ಎಂದು ಹೇಳುವ ಯಂತ್ರ. ಎಲ್ಲರಿಗೂ ನೋಡಲಿಕ್ಕೆ ಪುರುಸೊತ್ತಿಲ್ಲ, ಸೊಂಟ ಅಳೆದು ದಪ್ಪ ಇದ್ದವರನ್ನು ಆರಿಸುತ್ತೇವೆ ಎಂದಿರಿ. ಆಗಲಿ. ಆದರೆ ಸೊಂಟ ಎಲ್ಲಿ ಉಂಟು ಎಂದು ನಿಮ್ಮ ಸಿಬ್ಬಂದಿಗೆ ಹೇಳಿಕೊಟ್ಟವರು ಯಾರು? ಪ್ಯಾಂಟು ಹಾಕುವವರಿರಬೇಕು. ಬಟ್ಟೆ ಕಟ್ಟುವ ಜಾಗದಲ್ಲಿ ಟೇಪು ಹಿಡಿಯಿರಿ ಎಂದು ಹೇಳಿದ್ದರಂತೆ. ನಮ್ಮಲ್ಲಿ ಮುಂಡು ಕಟ್ಟುವುದರಲ್ಲಿ ಒಬ್ಬೊಬ್ಬನದು ಒಂದೊಂದು ಕ್ರಮ. ಸ್ಟೇರಿಂಗಿನ ಹಿಂದೆ ದಿನವಿಡೀ ಕುಳಿತವನು ಹೊಟ್ಟೆಗೆ ಬಿಗಿಯಾಗದಿರಲಿ ಎಂದು ಕೆಳಗೆ ಕಟ್ಟುತ್ತಾನೆ. ನಾನು ಇವತ್ತಿಗೂ ಹಾಗೆಯೇ, ಸೌತೆಕಾಯಿ ಮೇಲೆ, ಮುಂಡಿನ ಗಂಟು ಕೆಳಗೆ. ರವೂಫ್ ಹೊಕ್ಕುಳ ಮುಚ್ಚುವ ಹಾಗೆ ಮೇಲೆ ಕಟ್ಟಿ, ಅದರ ಮೇಲೆ ನಮ್ಮ ಹಿರಿಯರ ಆ ಅಗಲದ ಹಸಿರು ಬೆಲ್ಟು ಬಿಗಿಯುತ್ತಾನೆ. ಬೆಲ್ಟಿನ ಚೀಲದಲ್ಲಿ ಅವನ ಮೊಬೈಲು, ಅವನ ಅಂಗಡಿಯ ಬೀಗದ ಕೈಯ ಗೊಂಚಲು. ನರ್ಸ್ ಲೋಲಾಕ್ಷಿ ಎಂಬ ಹುಡುಗಿ ಎಲ್ಲದರ ಮೇಲಿನಿಂದಲೇ ಟೇಪು ಸುತ್ತಿದಳು. ಹುಡುಗಿಯನ್ನು ನಾನು ದೂರುವುದಿಲ್ಲ. ಅಪ್ಪನ ಪ್ರಾಯದ ಗಂಡಸರಿಗೆ ಅಂಗಿ ಎತ್ತಿ, ಬೆಲ್ಟು ಬಿಚ್ಚಿ ಎಂದು ಹೇಳಲು ಅವಳಿಗೆ ನಾಚಿಕೆ. ಹೀಗೆ ರವೂಫನ ಬೀಗದ ಕೈಗಳಿಗೆ ಕೂಡ ಕೊಬ್ಬಿನ ಲೆಕ್ಕ ಸಿಕ್ಕಿತು, ನನ್ನ ಹೊಟ್ಟೆ ಟೇಪಿನ ಮೇಲೆ ಕುಳಿತು ಸುಮ್ಮನೆ ನೋಡುತ್ತಿತ್ತು.

"ಸ್ವಲ್ಪ ಮೇಲೆ ಹಿಡಿ ಮಗಳೇ" ಎಂದೆ.

"ಬೇಡ ಬ್ಯಾರಿಗಳೇ, ಮುಂಡಿನ ಗಂಟಲ್ಲೇ ಹಿಡೀಲಿಕ್ಕೆ ಹೇಳಿದ್ದಾರೆ. ನಿಮಗೆ ಹೊಟ್ಟೆಯೇ ಇಲ್ಲ ಅಲ್ವಾ, ನೀವು ಬಚಾವು. ಮನೆಗೆ ಹೋಗಿ."

ಒಳಗಿನ ಕೊಬ್ಬು ಕಣ್ಣಿಗೆ ಕಾಣುವುದಿಲ್ಲ ಎಂದು ಆಗಷ್ಟೇ ಮೈಕಿನಲ್ಲಿ ಹೇಳಿದವರು ನೀವು. ಆಮೇಲೆ ಕಣ್ಣಿಗೆ ಕಂಡವರನ್ನೇ ಆರಿಸಿ ಒಳಗೆ ಕರೆದವರೂ ನೀವೇ. ನಿಮ್ಮ ಭಾಷಣವನ್ನು ನಿಮ್ಮ ಶಿಬಿರದವರು ಯಾರೂ ಕೇಳಲಿಲ್ಲವೇ?

ರವೂಫ್ ಪರದೆಯ ಹಿಂದೆ ಹೋದ. ಅವನಿಗೆ ಮಂಚ, ಫ್ಯಾನು, ಎಳನೀರು. ನಾನು ಹೊರಗೆ ಬೆಂಚಿನಲ್ಲಿ ಅವನ ಚಪ್ಪಲಿ ಕಾಯುತ್ತಾ ಕುಳಿತೆ, ಕಾರಿನಲ್ಲಿ ಒಟ್ಟಿಗೆ ಬಂದಿದ್ದೆವಲ್ಲ. ಹೊರಗೆ ಬಂದವನ ಮುಖ ಪೆರ್ನಾಳ್ ಹಬ್ಬದ ಮುಖ. ಪ್ರಾಯ ಐವತ್ತೆಂಟು, ನಾಳ ಮಾತ್ರ ನಲವತ್ತರವರದ್ದು ಎಂದು ನೀವೇ ಅವನ ಬೆನ್ನು ತಟ್ಟಿದಿರಂತೆ. ನನಗೆ ಹೊಟ್ಟೆ ಉರಿಯಿತೇ ಎಂದು ಕೇಳಿದರೆ, ಹೌದು, ಉರಿಯಿತು. ಅಷ್ಟು ತಿಂದವನ ನಾಳ ಹೊಸ ಟ್ಯೂಬು. ಬಾಲದ ತುಂಡು ತಿಂದವನ ನಾಳ ಹೇಗುಂಟು ಎಂದು ನೋಡುವವರೇ ಇಲ್ಲ. ಆಮೇಲಿನ ತಿಂಗಳುಗಳಲ್ಲಿ ನಬೀಸಾ ಫೋನ್ ಮಾಡಿದಾಗಲೆಲ್ಲ ಅವಳ ಗಂಡನ ನಾಳದ ವಿಷಯವೇ. ನಮ್ಮ ಮನೆಯಲ್ಲಿ ಸೈನಬ ಫೋನ್ ಇಟ್ಟು, "ನೋಡಿ, ಅವರ ನಾಳ ಎಷ್ಟು ಚೆಂದ ಉಂಟಂತೆ" ಎಂದು ನನಗೆ ಹೇಳುವಳು. ಪಕ್ಕದ ಮನೆಯ ಬಂಗಾರ ನೋಡಿ ಬಂದವರು ಹೇಳುವ ಸ್ವರದಲ್ಲಿ.

ರಂಜಾನ್ ಕಳೆದು ನವೆಂಬರಿನಲ್ಲಿ ಮೂಡುಬಿದಿರೆಯಲ್ಲಿ ಎರಡನೇ ಶಿಬಿರ ಇಟ್ಟಿರಿ. ಮೊದಲು ಯಂತ್ರದಲ್ಲಿ ನೋಡಿದವರು ಮಾತ್ರ ಬರಬೇಕು ಎಂದು ಅವರಿಗೆ ಚೀಟಿ ಕಳಿಸಿದಿರಿ. ರವೂಫ್ ಕಾರಿನ ಚಕ್ರಕ್ಕೆ ಗಾಳಿ ಹಾಕಿಸಲಿಕ್ಕೆ ನನ್ನ ಅಂಗಡಿಗೆ ಬಂದಿದ್ದವನು ಜೇಬಿನಿಂದ ಚೀಟಿ ತೆಗೆದ.

"ಶುಕೂರಾಕ, ನನ್ನದು ಸರಿ ಉಂಟು ಅಂತ ಹೇಳಿ ಆಗಿದೆ, ಇನ್ನು ಎಂತಕ್ಕೆ ಅಲ್ಲಿಗೆ ಹೋಗುವುದು? ನಿಮಗೆ ಅವತ್ತಿನಿಂದ ಆಸೆ. ಇದನ್ನು ಹಿಡಿದುಕೊಂಡು ನೀವು ಹೋಗಿ."

ಅವನು ತಿಂದು ಬಿಟ್ಟ ತಟ್ಟೆಯನ್ನು ನನ್ನ ಎದುರಿಗೆ ಸರಿಸಿದ ಹಾಗಾಯಿತು. ಗಾಳಿ ಹಾಕಿ ಚೀಟಿಯನ್ನು ನೋಡದೆ ಒಳಗೆ ಹೋದೆ. ಆದರೆ ಅವನು ಅದನ್ನು ಟೂಲ್ ಬಾಕ್ಸಿನ ಮೇಲೆ ಇಟ್ಟು ಹೋಗಿದ್ದ, ಮತ್ತು ನನಗೆ ಇದಿನಬ್ಬ ನೆನಪಾದ. ಬಸ್ಸು ಹತ್ತಿದೆ. ಬೇರೆ ದಾರಿ ನೀವು ಎಲ್ಲಿ ಬಿಟ್ಟಿದ್ದಿರಿ?

ಮೂಡುಬಿದಿರೆಯಲ್ಲಿ ನಿಮ್ಮವರು ಚೀಟಿ ನೋಡಿದರು, ತಕ್ಕಡಿಯ ಮೇಲೆ ನಿಲ್ಲಿಸಿದರು, ಮುಂಡಿನ ಗಂಟಿನಲ್ಲಿ ಟೇಪು ಹಿಡಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು. ಈ ಮನುಷ್ಯ ಬೇರೆಯೋ ಎಂದು ಕೇಳುತ್ತಾರೆ, ಕೇಳಿದರೆ ಇದ್ದದ್ದನ್ನು ಹೇಳುವ ಎಂದು ತಯಾರಾಗಿ ನಿಂತಿದ್ದೆ. ಯಾರೂ ಕೇಳಲಿಲ್ಲ. ಓಡಿ ಹೋಗಿ ನಿಮ್ಮನ್ನು ಕರೆದು ತಂದರು. ನೀವು ಬಂದು ಎರಡೂ ಕೈ ಹಿಡಿದು ನನ್ನನ್ನು ವೇದಿಕೆಗೆ ಹತ್ತಿಸಿದಿರಿ. ಮೂರು ತಿಂಗಳಲ್ಲಿ ಹೊಟ್ಟೆ ಕರಗಿಸಿದ ಮಹನೀಯರು, ನಮ್ಮ ಸಲಹೆ ಪಾಲಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ಜೀವಂತ ಸಾಕ್ಷಿ ಎಂದು ಮೈಕಿನಲ್ಲಿ ಹೇಳಿ ಶಾಲು ಹೊದಿಸಿದಿರಿ. ಮಾಣಿಯಲ್ಲಿ ನೀವೇ ಬೆನ್ನು ತಟ್ಟಿದ ಮನುಷ್ಯನ ಮುಖ ನಿಮಗೆ ನೆನಪಿರಲಿಲ್ಲವೇ? ಅಥವಾ ನೀವು ಹೊಟ್ಟೆಯನ್ನು ಮಾತ್ರ ನೋಡಿದ್ದೇ? ಜನ ಚಪ್ಪಾಳೆ ತಟ್ಟಿದರು. ನನ್ನ ಆಯುಸ್ಸಿನಲ್ಲಿ ನನಗೆ ಯಾರಾದರೂ ಹೊದಿಸಿದ ಮೊದಲ ಶಾಲು ಅದು. ಸುಳ್ಳು ಹೇಳುವುದಿಲ್ಲ, ಬೆಚ್ಚಗಿತ್ತು. ಕರೆದ ಹೆಸರು ಮಾತ್ರ ರವೂಫನದ್ದು.

ಶಾಲು ಹೊದ್ದುಕೊಂಡೇ ಯಂತ್ರದ ಮಂಚದಲ್ಲಿ ಮಲಗಿದೆ. ಅದು ಕೈಕಾಲು ಹಿಂಡಿತು, ಬಿಟ್ಟಿತು, ಕಾಗದ ಉಗುಳಿತು. ಕಾಗದ ನೋಡಿದವರ ನಗು ಹೋಯಿತು. ಮನೆಗೆ ಹೋಗಿ, ತಿಳಿಸುತ್ತೇವೆ ಎಂದರು. ತಿಳಿಸಿದಿರಿ, ಖಂಡಿತ ತಿಳಿಸಿದಿರಿ. ಯಾರಿಗೆ? ರವೂಫನ ಮನೆಗೆ ಫೋನ್ ಮಾಡಿದಿರಿ. ರವೂಫ್ ಅಂಗಡಿಯಲ್ಲಿದ್ದ, ಫೋನ್ ಎತ್ತಿದ್ದು ನಬೀಸಾ. ನಿಮ್ಮ ಗಂಡನ ರಕ್ತನಾಳ ಎಂಬತ್ತು ದಾಟಿದವರದ್ದರ ಹಾಗಾಗಿದೆ, ಹೊಟ್ಟೆಯೊಳಗೆ ಕೊಬ್ಬು ಇರಬೇಕು, ತಡಮಾಡದೆ ಮಂಗಳೂರಿಗೆ ಕರೆತನ್ನಿ, ಸ್ಕ್ಯಾನಿಂಗು, ಮದ್ದು ಎಲ್ಲ ನಮ್ಮದು ಎಂದಿರಿ. ಚೀಟಿಯ ವಿಷಯ ಅವಳಿಗೆ ಗೊತ್ತಿರಲಿಲ್ಲ. ಅವಳು ಕೂತಲ್ಲೇ ಅಳಲು ಸುರು ಮಾಡಿದಳು. ರವೂಫ್ ಮಧ್ಯಾಹ್ನ ಊಟಕ್ಕೆ ಬರುವಾಗ ಮನೆ ತುಂಬ ನೆಂಟರು. ಅವನು ಮಂಚದಲ್ಲಿ ಕುಳಿತ, ಅವನಿಗೆ ಗಾಳಿ ಬೀಸಿದರು. ಗಡಸಾದ ನಾಳ ಹೊತ್ತುಕೊಂಡು ನಾನು ಅಂಗಡಿಯಲ್ಲಿ ಲಾರಿಯ ಚಕ್ರ ಬಿಚ್ಚುತ್ತಿದ್ದೆ. ನನ್ನ ಕಾಯಿಲೆಗೆ ಅತ್ತವರೆಲ್ಲ ಅವನ ಮನೆಯಲ್ಲಿದ್ದರು.

ಅವನು ನಿಜ ಹೇಳಿದ ಮೇಲೆ ಅಲ್ಲಿಯ ಅಳು ನಿಂತಿತು. ಅದು ನಮ್ಮ ಮನೆಗೆ ಬರಲಿಲ್ಲ. ಬಂದದ್ದು ನಬೀಸಾ, ಶಾಲು ಕೇಳಿಕೊಂಡು. ಅವರ ಹೆಸರಲ್ಲಿ ಹೊದಿಸಿದ್ದಲ್ವಾ ಎಂದಳು. ಕೊಟ್ಟೆ. ಅಷ್ಟರಲ್ಲಿ ನೀವು ತೆಗೆಸಿದ ಫೋಟೋ ಪತ್ರಿಕೆಯಲ್ಲೂ ಬಂತು, ಕೆಳಗೆ ದಪ್ಪ ಅಕ್ಷರದಲ್ಲಿ ಅಬ್ದುಲ್ ರವೂಫ್. ನನ್ನ ಅಂಗಡಿಯ ಬೆಂಚಿನಲ್ಲಿ ದಿನವೂ ಕೂರುವ ಹುಕ್ರಪ್ಪ ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡಿದ್ದಾನೆ. ನಾನು ಬಾಗಿಲು ತೆಗೆಯುವಾಗ, "ರವೂಫ್ ಬ್ಯಾರಿಗಳೇ, ದುಬೈಯಿಂದ ಯಾವಾಗ ಬಂದದ್ದು ಮಾರಾಯ್ರೆ?" ಎಂದು ಕೇಳುತ್ತಾನೆ. ಮಾಣಿಯ ರಿಕ್ಷಾದವರಿಗೆಲ್ಲ ಈಗ ನಾನು ಅದೇ.

ಇನ್ನು ನಿಮ್ಮ ಕಚೇರಿ. ಮೊದಲು ಒಬ್ಬನೇ ಬಂದೆ. ಆ ನಾಳ ನನ್ನದು ಎಂದೆ. ನಿಮ್ಮ ಹೆಸರೇ ನಮ್ಮಲ್ಲಿ ಇಲ್ಲ, ಮಾಣಿಯಲ್ಲಿ ನೀವು ಆಯ್ಕೆ ಆಗಿರಲಿಲ್ಲ, ಹೊಸಬರನ್ನು ಸೇರಿಸಲಿಕ್ಕಿಲ್ಲ ಎಂದರು. ಆಮೇಲೆ ರವೂಫನನ್ನು ಕರೆದುಕೊಂಡು ಬಂದೆ. ಅವನು ಮೇಜಿನ ಎದುರು ನಿಂತು, ನಾನು ರವೂಫ್, ಇವರು ಶುಕೂರಾಕ, ಯಂತ್ರದಲ್ಲಿ ಮಲಗಿದ್ದು ಇವರು ಎಂದ. ಅವನ ಹೊಟ್ಟೆ ಅವನ ಎದುರಿಗೇ ಇತ್ತು, ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಗುಮಾಸ್ತರು ಹೊಟ್ಟೆ ನೋಡಿದರು, ಪುಸ್ತಕ ನೋಡಿದರು. "ನಿಮ್ಮದು ಕರಗಿದೆ ಅಂತ ಉಂಟಲ್ಲ ಇದರಲ್ಲಿ" ಎಂದರು.

ಬಾಗಿಲ ಹೊರಗೆ ರವೂಫ್ ನನ್ನ ಹೆಗಲಿಗೆ ಕೈ ಹಾಕಿದ. "ಬಿಡಿ ಶುಕೂರಾಕ. ನನ್ನ ಹೆಸರಲ್ಲೇ ಮಂಗಳೂರಿಗೆ ಹೋಗುವ, ಸ್ಕ್ಯಾನಿಂಗ್ ಮಾಡಿಸುವ, ಮದ್ದು ತೆಗೊಳ್ಳುವ. ಹೆಸರಲ್ಲಿ ಎಂತ ಉಂಟು? ಜೀವ ಮುಖ್ಯ ಅಲ್ವಾ."

ಅವನು ಹೇಳಿದ್ದು ಒಳ್ಳೆಯ ಮನಸ್ಸಿನಿಂದ. ಅದಕ್ಕೇ ನನಗೆ ತಡೆಯಲಿಲ್ಲ, ಕೈ ಕೊಡವಿ ಬಸ್ಸು ಹತ್ತಿದೆ. ಸೈನಬ ಕೂಡ ಹೇಳುತ್ತಾಳೆ, ಅವರು ಹೇಳಿದ ಹಾಗೆ ಕೇಳಿ, ನಿಮಗೆ ಹಟ ಎಂದು. ಹಟವೇ. ನಾಳೆ ನಾನು ಇದಿನಬ್ಬನ ಹಾಗೆ ಲಾರಿಯ ಚಕ್ರದ ಪಕ್ಕ ಬಿದ್ದರೆ ನಿಮ್ಮ ಪುಸ್ತಕದಲ್ಲಿ ಸಾಯುವವನು ರವೂಫ್. ಆ ಸಾವೂ ಅವನ ಖಾತೆಗೇ ಹೋಗುತ್ತದೆ. ತೆಳ್ಳಗಿನ ಅಬ್ದುಲ್ ಶುಕೂರನಿಗೆ ಏನೂ ಆಗಿಲ್ಲ, ಅವನು ಬಚಾವು ಎಂದು ನೀವು ಮುಂದಿನ ಊರಿನಲ್ಲೂ ಮುಂಡಿನ ಗಂಟಿಗೇ ಟೇಪು ಹಿಡಿಯುತ್ತೀರಿ. ಇಡೀ ಬಂಟ್ವಾಳ, ಬೆಳ್ತಂಗಡಿಯಲ್ಲಿ ನನ್ನಂಥ ಕಡ್ಡಿಗಳು ಎಷ್ಟು ಜನ ಇಲ್ಲ, ಕೈಕಾಲು ಸಪೂರ, ಅಂಗಿಯೊಳಗೆ ಸೌತೆಕಾಯಿ, ಜೇಬಿನಲ್ಲಿ ಪ್ರೆಶರಿನ ಮಾತ್ರೆ? ಇನ್ನೊಂದು ತಮಾಷೆ ನೋಡಿ. ಹೊಟ್ಟೆ ಕರಗಿಸಿದವನ ನಾಳ ಮೂರು ತಿಂಗಳಲ್ಲಿ ಗಡಸಾಯಿತು ಎಂದು ಈಗ ನಿಮ್ಮ ಪುಸ್ತಕ ಹೇಳುತ್ತದೆ. ಅದನ್ನು ಓದಿ ಕಲಿತ ಡಾಕ್ಟರರು ನಾಳೆ ನಮಗೆ ಏನು ಹೇಳಬೇಕು? ಹೊಟ್ಟೆ ಬೆಳೆಸಿ ಎಂದೇ? ನಮ್ಮಿಬ್ಬರನ್ನು ಇಬ್ಬರೆಂದು ಬರೆದಿದ್ದರೆ ನೀವು ಮೈಕಿನಲ್ಲಿ ಹೇಳಿದ್ದಕ್ಕೆ ನಾವೇ ಸಾಕ್ಷಿಯಾಗುತ್ತಿದ್ದೆವು. ಹೊಟ್ಟೆ ಕಂಡವನ ನಾಳ ಮೆತ್ತಗೆ, ಕಾಣದವನದ್ದು ಗಡಸು. ಇಷ್ಟು ಸುಲಭದ ಸಾಕ್ಷಿಯನ್ನು ಒಬ್ಬನ ತಲೆಗೇ ಕಟ್ಟಿ ಹಾಳು ಮಾಡಿದಿರಿ.

ನನಗೆ ಶಾಲು ಬೇಡ. ಫೋಟೋ ಬೇಡ. ರವೂಫನ ನಾಳ ಮೆತ್ತಗಿರಲಿ, ನಡು ತುಂಡೂ ಅವನೇ ತಿನ್ನಲಿ. ನನ್ನನ್ನು ಕರೆಯಿರಿ, ಮುಂಡಿನ ಗಂಟು ಬಿಟ್ಟು ಹೊಟ್ಟೆ ಇರುವಲ್ಲಿ ಅಳೆಯಿರಿ, ಒಳಗೆ ಏನುಂಟು ಎಂದು ಸ್ಕ್ಯಾನಿಂಗಿನಲ್ಲಿ ನೋಡಿ, ಮದ್ದು ಕೊಡುವುದಿದ್ದರೆ ಅಬ್ದುಲ್ ಶುಕೂರ್ ಎಂದು ಕರೆದು ಕೊಡಿ. ಆ ಗಡಸು ನಾಳವನ್ನು ರವೂಫನಿಂದ ಬಿಡಿಸಿ ನನ್ನ ಹೆಸರಿಗೆ ಮಾಡಿ. ನನ್ನದೆಂದು ಹೇಳಿಕೊಳ್ಳಲಿಕ್ಕೆ ಈಗ ಉಳಿದಿರುವುದು ಅದೊಂದೇ, ಅದನ್ನೂ ಅವನಿಗೆ ಕೊಡುವುದಿಲ್ಲ.

ಜನವರಿ ಮೂವತ್ತೊಂದರ ಒಳಗೆ ಉತ್ತರ ಬೇಕು. ಬಾಯಿಮಾತಿನಲ್ಲಿ ಬೇಡ, ಬರೆದು ಕೊಡಿ.

ಇಂತಿ,
ಮೂಡುಬಿದಿರೆಯ ವೇದಿಕೆಯಲ್ಲಿ ಅಬ್ದುಲ್ ರವೂಫ್ ಎಂದು ನೀವು ಶಾಲು ಹೊದಿಸಿದ
ಅಬ್ದುಲ್ ಶುಕೂರ್,
ಪಂಕ್ಚರ್ ಅಂಗಡಿ, ಮಾಣಿ
೨ ಜನವರಿ ೨೦೦೮